ಬೇಕೆಂದೇ ಹರಿದ ಚೀಲ

ಕಣ್ಣಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಯಾರ ಕಿವಿಗೂ ಬೀಳಬಾರದ ಮಾತೊಂದಿದೆ: ‘ಪೀಸಿ ರೆಂಟ್’. ರೆಂಟ್ ಅಂದರೆ ಇಲ್ಲಿ ಬಾಡಿಗೆಯಲ್ಲ, ಹರಕು. ಪೀಸಿ ಅಂದರೆ ಪೋಸ್ಟೀರಿಯರ್ ಕ್ಯಾಪ್ಸೂಲ್, ಕಣ್ಣಿನ ಮಸೂರವನ್ನು ಸುತ್ತಿಕೊಂಡಿರುವ ತೆಳುಚೀಲದ ಹಿಂಪದರ. ಅಜ್ಜನ ಪೊರೆ ತೆಗೆಯುವಾಗ ಈ ಹಿಂಪದರ ಹರಿದರೆ ಅದರ ಬೆನ್ನಿಗಿರುವ ವಿಟ್ರಿಯಸ್ ಎಂಬ ಲೋಳೆ ಮುಂದಕ್ಕೆ ನುಗ್ಗುತ್ತದೆ. ಕೃತಕ ಮಸೂರ ಕೂರಿಸಲು ಭದ್ರವಾದ ಜಾಗ ಸಿಗುವುದಿಲ್ಲ. ಕಾಲು ಗಂಟೆಯಲ್ಲಿ ಮುಗಿಯಬೇಕಿದ್ದ ಕೆಲಸ ಎಳೆದುಕೊಂಡು ಹೋಗುತ್ತದೆ. ಕೆಲಸ ಕಲಿಯುತ್ತಿರುವ ಡಾಕ್ಟರುಗಳು ನಿದ್ದೆಗೆಡುವುದು ಇದಕ್ಕೇ.

ಅದೇ ಥಿಯೇಟರಿನಲ್ಲಿ, ಅದೇ ಮೈಕ್ರೋಸ್ಕೋಪಿನ ಕೆಳಗೆ ಎರಡು ತಿಂಗಳ ಕೂಸನ್ನು ಮಲಗಿಸಿದ ದಿನ, ಅದೇ ಸರ್ಜನ್ ಆ ಹಿಂಪದರವನ್ನು ಬೇಕೆಂದೇ ಹರಿಯುತ್ತಾರೆ. ಅಷ್ಟಕ್ಕೇ ನಿಲ್ಲದೆ ಹಿಂದಿನ ಲೋಳೆಯನ್ನೂ ಕೊಂಚ ಕತ್ತರಿಸಿ ತೆಗೆಯುತ್ತಾರೆ. ಅಜ್ಜನ ಕಣ್ಣಿಗೆ ಅಪಘಾತವಾದದ್ದು ಮೊಮ್ಮಗುವಿನ ಕಣ್ಣಿಗೆ ಆಪರೇಷನ್ನಿನ ಒಂದು ಹಂತ. ಮಕ್ಕಳ ಪೊರೆಯ ವಿಷಯದಲ್ಲಿ ತೊಡಕು ಯಾವುದು, ತೊಡಕಲ್ಲದ್ದು ಯಾವುದು ಎಂಬ ಲೆಕ್ಕವನ್ನು ಇಲ್ಲಿಂದಲೇ ಹೊಸದಾಗಿ ಬರೆಯಬೇಕು.

ಪೊರೆ ಮುಪ್ಪಿನ ಕಾಯಿಲೆ ಎಂದೇ ನಾವು ತಿಳಿದಿರುವುದರಿಂದ, ಕೂಸಿಗೆ ಪೊರೆ ಎಂದರೆ ಮನೆಮಂದಿ ನಂಬುವುದಿಲ್ಲ. ಎಷ್ಟೋ ಸಲ ಅದನ್ನು ಮೊದಲು ಕಾಣುವುದು ಎಣ್ಣೆನೀರು ಹಾಕಲು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡ ಅಜ್ಜಿ. ಪಾಪೆಯ ನಡುವೆ ಕಪ್ಪಿರಬೇಕಾದ ಕಡೆ ಬಿಳುಪು. ಬೆಳೆದ ಮೇಲೆ ತೆಗೆಸೋಣ ಎನ್ನುವಂತಿಲ್ಲ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ರೆಪ್ಪೆ ಹೊಲಿದು ತೋರಿಸಿದ್ದು ಇದನ್ನೇ: ಎಳವೆಯ ಕೆಲವು ವಾರಗಳಲ್ಲಿ ಬೆಳಕಿನ ಚಿತ್ರ ತಲುಪದ ಕಣ್ಣಿಗೆ ಮಿದುಳು ತನ್ನಲ್ಲಿ ಜಾಗ ಕೊಡುವುದಿಲ್ಲ, ಆ ಜಾಗವನ್ನು ಇನ್ನೊಂದು ಕಣ್ಣು ಆಕ್ರಮಿಸಿಕೊಳ್ಳುತ್ತದೆ. 1981ರ ನೊಬೆಲ್ ಪ್ರಶಸ್ತಿಯ ಒಂದು ಪಾಲು ಅವರಿಬ್ಬರಿಗೆ ಬಂತು. ಒಂದೇ ಕಣ್ಣಿನಲ್ಲಿ ದಟ್ಟ ಪೊರೆಯಿದ್ದರೆ ನಾಲ್ಕರಿಂದ ಆರು ವಾರದೊಳಗೆ, ಎರಡರಲ್ಲೂ ಇದ್ದರೆ ಆರೆಂಟು ವಾರದೊಳಗೆ ತೆಗೆಯುವುದು ಒಳ್ಳೆಯದು ಎಂಬ ಈಗಿನ ರೂಢಿಯ ಹಿಂದೆ ಈ ತಿಳಿವಳಿಕೆಯಿದೆ. ಹಾಗಾಗಿ ಸರ್ಜನ್ ಕೈ ಹಾಕುವುದು ಇನ್ನೂ ಪೂರ್ತಿ ಕಣ್ಣಾಗಿರದ ಕಣ್ಣಿಗೆ. ಹುಟ್ಟಿದ ಮಗುವಿನ ಕಣ್ಣುಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್, ದೊಡ್ಡವರದು 23-24.

ಹಿಂಪದರವನ್ನು ಹರಿಯಬೇಕೆಂದು ಗೊತ್ತಾಗುವುದಕ್ಕೆ ಸುಮಾರು ನೂರೆಂಬತ್ತು ವರ್ಷ ಹಿಡಿಯಿತು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ಸ್ಥಾಪಕ ಜಾನ್ ಕನ್ನಿಂಗ್‌ಹ್ಯಾಮ್ ಸಾಂಡರ್ಸ್ 1800ರ ದಶಕದ ಮೊದಲ ವರ್ಷಗಳಲ್ಲೇ ಹುಟ್ಟುಪೊರೆಯ ಮಕ್ಕಳಿಗೆ ಸೂಜಿ ಚಿಕಿತ್ಸೆ ಮಾಡುತ್ತಿದ್ದ. ಅರಿವಳಿಕೆ ಎಂಬುದು ಬರಲು ಇನ್ನೂ ನಾಲ್ಕು ದಶಕ ಬಾಕಿಯಿತ್ತು. ಬೆಲಡೋನ ಗಿಡದ ಸಾರದಿಂದ ಪಾಪೆ ಅಗಲಿಸಿ, ಮಗುವನ್ನು ಬಲವಾಗಿ ಹಿಡಿಸಿ, ಸೂಜಿಯಿಂದ ಮಸೂರದ ಮುಂಪದರವನ್ನು ಗೀರಿ ಬಿಡುವುದು. ಎಳೆಯ ಮಸೂರ ಮೆತ್ತಗಿರುವುದರಿಂದ ಕಣ್ಣಿನೊಳಗಿನ ನೀರಿನಲ್ಲಿ ವಾರಗಟ್ಟಲೆ ನೆನೆದು ಕರಗಿಹೋಗುತ್ತಿತ್ತು. ಕರಗದೆ ಉಳಿದರೆ ಮತ್ತೆ ಸೂಜಿ. 1960ರ ಹೊತ್ತಿಗೆ ಅಮೆರಿಕದ ಹೆರಾಲ್ಡ್ ಶೈ ಸಣ್ಣ ಗಾಯದ ಮೂಲಕ ಸೂಜಿಯಿಂದಲೇ ಮಸೂರವನ್ನು ಹೀರಿ ತೆಗೆಯುವ ವಿಧಾನವನ್ನು ಜನಪ್ರಿಯಗೊಳಿಸಿದ. ಚಿಕ್ಕ ಗಾಯ, ಚೊಕ್ಕ ಕೆಲಸ. ಆದರೆ ಕೆಲವೇ ತಿಂಗಳಲ್ಲಿ ಪಾಪೆ ಮತ್ತೆ ಬೆಳ್ಳಗಾಗುತ್ತಿತ್ತು.

ಕಾರಣ, ಎಷ್ಟೇ ಹೀರಿದರೂ ಚೀಲದ ಒಳಮೈಗೆ ಅಂಟಿಕೊಂಡ ಕೆಲವು ಜೀವಕೋಶಗಳು ಉಳಿದೇ ಉಳಿಯುತ್ತವೆ. ಮುದುಕರಲ್ಲಿ ಅವು ಸೋಮಾರಿಗಳು. ಶಿಶುವಿನಲ್ಲಿ ಮೈಯ ಮಿಕ್ಕೆಲ್ಲ ಕೋಶಗಳಂತೆ ಅವೂ ಹುರುಪಿನಿಂದ ಬೆಳೆಯುತ್ತವೆ, ಹಿಂಪದರವನ್ನೇ ಚಪ್ಪರ ಮಾಡಿಕೊಂಡು ಹಬ್ಬುತ್ತವೆ. ದೊಡ್ಡವರಿಗೆ ಹೀಗಾದರೆ ಗಲ್ಲ ಊರಿಸಿ ಕೂರಿಸಿ ಲೇಸರ್ ಹೊಡೆದು ಐದು ನಿಮಿಷದಲ್ಲಿ ಕಳಿಸುತ್ತಾರೆ. ಆರು ತಿಂಗಳ ಮಗುವಿಗೆ ‘ಅಲ್ಲಾಡಬೇಡ, ಕೆಂಪು ದೀಪ ನೋಡು’ ಎಂದು ಯಾರು ಹೇಳುವುದು? ವಿಟ್ರಿಯಸ್‌ನ ಮುಂಭಾಗವೂ ಆ ಕೋಶಗಳಿಗೆ ಏಣಿಯಾಗುತ್ತದೆ. ಹಾಗಿದ್ದರೆ ಚಪ್ಪರವನ್ನೂ ಏಣಿಯನ್ನೂ ಮೊದಲ ದಿನವೇ ತೆಗೆದುಬಿಡೋಣ ಎಂಬುದು 1983ರಲ್ಲಿ ವಾಷಿಂಗ್ಟನ್ನಿನ ಮಾರ್ಷಲ್ ಪಾರ್ಕ್ಸ್ ಮುಂದಿಟ್ಟ ದಾರಿ. ಅದಕ್ಕೆ ಬೇಕಾದ ಸಾಧನ ಆಗಲೇ ಬಂದಿತ್ತು. 1970ರ ಆಸುಪಾಸಿನಲ್ಲಿ ಮಯಾಮಿಯ ರಾಬರ್ಟ್ ಮಾಕೆಮರ್, ಮೊಟ್ಟೆಯ ಬಿಳಿ ಲೋಳೆಯ ಮೇಲೆ ಪ್ರಯೋಗ ಮಾಡಿ, ಲೋಳೆಯನ್ನು ಎಳೆಯದೆ ಚೂರುಚೂರಾಗಿ ಕತ್ತರಿಸಿ ಹೀರುವ ‘ವಿಟ್ರೆಕ್ಟರ್’ ಅನ್ನು ರೂಪಿಸಿದ್ದ.

‘ಎಳೆಯದೆ’ ಎಂಬ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಇದು ಮತ್ತೆ ಬರುತ್ತದೆ.

ಇನ್ನು ನಿಜವಾದ ತೊಡಕುಗಳಿಗೆ ಬರೋಣ. ಬಹುಪಾಲಿಗೆ ಮೂಲ ಒಂದೇ, ಮೆದುತನ. ಬಲಿತ ತೆಂಗಿನಕಾಯಿಯ ಚಿಪ್ಪು ಒಡೆದರೂ ಆಕಾರ ಬಿಡುವುದಿಲ್ಲ, ಒಳಗಿನ ಕೊಬ್ಬರಿಯೂ ಗಟ್ಟಿ. ಎಳನೀರಿನ ಗಂಜಿ ಹಾಗಲ್ಲ, ಚಮಚ ತಾಗಿದರೆ ಸಾಕು, ಜಾರುತ್ತದೆ. ಮಗುವಿನ ಮಸೂರ ಗಂಜಿಯಂತಿರುವುದು ಸರ್ಜನ್‌ಗೆ ವರ. ದೊಡ್ಡವರ ಗಟ್ಟಿ ಪೊರೆಯನ್ನು ಪುಡಿ ಮಾಡಲು ಬೇಕಾಗುವ ಅಲ್ಟ್ರಾಸೌಂಡ್ ಇಲ್ಲಿ ಬೇಡ, ಬರೀ ಹೀರಿದರೆ ಬರುತ್ತದೆ. ಆದರೆ ಕಣ್ಣಿನ ಬಿಳಿಗೋಡೆಯೂ ಎಳೆಯದು. ಗಾಯ ಮಾಡಿದ ಕೂಡಲೇ ಗೋಡೆ ಒಳಗೆ ಕುಸಿಯುತ್ತದೆ, ಹಿಂದಿನ ಲೋಳೆ ಮಸೂರವನ್ನು ಮುಂದಕ್ಕೆ ನೂಕುತ್ತದೆ, ಕಣ್ಣಿನ ಮುಂದಿನ ಪಾರದರ್ಶಕ ಪರದೆಯಾದ ಕಾರ್ನಿಯಾ ಮತ್ತು ಮಸೂರದ ನಡುವೆ ಕೈಯಾಡಿಸಲು ಇದ್ದ ಇಷ್ಟೇ ಇಷ್ಟು ಜಾಗವೂ ಮುಚ್ಚಿಹೋಗುತ್ತದೆ. ರೆಪ್ಪೆ ಅಗಲಿಸಿ ಹಿಡಿದಿರುವ ತಂತಿ ಕಣ್ಣನ್ನು ಕೊಂಚ ಒತ್ತಿದರೂ ಇದೇ ಪಾಡು. ಆದ್ದರಿಂದ ಒತ್ತಡ ಹೆಚ್ಚಿದಂತೆ ಕಂಡಾಗ ಅನುಭವಿಗಳು ಮೊದಲು ನೋಡುವುದು ಕಣ್ಣಿನ ಒಳಗಲ್ಲ, ಹೊರಗೆ: ತಂತಿ ಬಿಗಿಯಾಯಿತೆ, ಮಗು ಅರಿವಳಿಕೆಯಿಂದ ಎಚ್ಚರವಾಗುತ್ತಿದೆಯೆ, ಕೆಮ್ಮುತ್ತಿದೆಯೆ?

ಒಳಗಿನ ಉಪಾಯ ವಿಸ್ಕೋಎಲಾಸ್ಟಿಕ್. ಥಿಯೇಟರಿನವರ ಬಾಯಲ್ಲಿ ಬರೀ ‘ವಿಸ್ಕೋ’. ಪಾರದರ್ಶಕವಾದ ಗಟ್ಟಿ ಜೆಲ್ಲಿ. ಇದರ ಪ್ರಸಿದ್ಧ ಬಗೆಯಾದ ಸೋಡಿಯಂ ಹಯಲೂರೊನೇಟ್ ಅನ್ನು ಎಂಡ್ರೆ ಬಾಲಾಜ್ ಶುದ್ಧಗೊಳಿಸಿದ್ದು ಹುಂಜದ ಜುಟ್ಟಿನಿಂದ. ಕೋಳಿ ಅಂಕದಲ್ಲಿ ಹಾರಾಡುವ ಆ ಕೆಂಪು ಜುಟ್ಟಿಗೆ ಇಂಥ ಉಪಯೋಗವಿದೆಯೆಂದು ಯಾರು ಎಣಿಸಿದ್ದರು! ಮಕ್ಕಳ ಕಣ್ಣಿಗೆ ಆದಷ್ಟೂ ದಪ್ಪನೆಯ ವಿಸ್ಕೋ ಬೇಕು. ಅದು ಜಾಗ ತೆರೆದಿಡುತ್ತದೆ, ಹಿಂದಿನಿಂದ ನೂಕುವ ಲೋಳೆಗೆ ಎದುರೊತ್ತು ಕೊಡುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಉಬ್ಬಿದ ಮಸೂರವನ್ನು ಚಪ್ಪಟೆ ಮಾಡುತ್ತದೆ.

ಚಪ್ಪಟೆ ಮಾಡುವುದು ಅಷ್ಟು ಮುಖ್ಯವೇಕೆ? ಮಸೂರವನ್ನು ಹೀರಬೇಕಾದರೆ ಮುಂಪದರದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ಗುಂಡನೆಯ ಕಿಟಕಿ ಮಾಡಬೇಕು. ಇದರ ಹೆಸರು ರೆಕ್ಸಿಸ್. ಬಟ್ಟೆ ಅಂಗಡಿಯವನು ತಾನಿನ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಕೊಟ್ಟು ಪರ್ರನೆ ಹರಿಯುವುದನ್ನು ನೋಡಿದ್ದೀರಿ. ಕಚ್ಚಿಲ್ಲದ ಅಂಚನ್ನು ಎಳೆದರೆ ಆ ಬಟ್ಟೆ ಜಪ್ಪಯ್ಯ ಅಂದರೂ ಹರಿಯದು. ರೆಕ್ಸಿಸ್‌ನ ಗುಟ್ಟೂ ಅದೇ. ಎಲ್ಲೂ ಕಚ್ಚಿಲ್ಲದ ದುಂಡು ಅಂಚು ಎಷ್ಟು ಎಳೆದಾಡಿದರೂ ತಾಳುತ್ತದೆ, ಒಂದೇ ಒಂದು ಕಚ್ಚಿದ್ದರೂ ಸೀಳು ಅಲ್ಲಿಂದ ಹೊರಡುತ್ತದೆ. ಮುದುಕರ ಪದರ ಕಾಗದದಂತೆ, ಎಳೆದ ಕಡೆಗೆ ಹರಿಯುತ್ತದೆ. ಮಗುವಿನದು ಸೈಕಲ್ ಟ್ಯೂಬಿನ ರಬ್ಬರಿನಂತೆ. ಮೊದಲು ಹರಿಯುವುದೇ ಇಲ್ಲ, ಹಿಗ್ಗುತ್ತದೆ. ಎಳೆತ ಒಳಗೇ ಸೇರುತ್ತಾ ಹೋಗಿ ಒಮ್ಮೆಲೇ, ಬಯಸಿದ್ದಕ್ಕಿಂತ ಅಗಲವಾಗಿ ಸೀಳುತ್ತದೆ. ಅದರ ಮೇಲೆ ಮಸೂರ ಮುಂದಕ್ಕೆ ಉಬ್ಬಿದ್ದರೆ ಪದರವೊಂದು ಗುಡ್ಡವಾಗುತ್ತದೆ, ಸೀಳು ಮಳೆನೀರಿನಂತೆ ಇಳಿಜಾರು ಹಿಡಿದು ಹೊರ ಅಂಚಿಗೆ ಓಡುತ್ತದೆ. ‘ರೆಕ್ಸಿಸ್ ಓಡಿತು’ ಎನ್ನುವುದು ಇದಕ್ಕೇ. ವಿಸ್ಕೋ ತುಂಬಿದರೆ ಗುಡ್ಡ ಬಯಲಾಗುತ್ತದೆ.

ಬೆಳ್ಳಗೆ ಊದಿಕೊಂಡ ಪೊರೆಯಲ್ಲಿ ಅಪಾಯ ಇನ್ನೂ ಹೆಚ್ಚು. ಕಾಣಲೆಂದು ಪದರಕ್ಕೆ ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿರುತ್ತಾರೆ. ಸೂಜಿ ಚುಚ್ಚಿದ ಕ್ಷಣಕ್ಕೆ ಒಳಗಿನ ಒತ್ತಡಕ್ಕೆ ಪದರ ಎರಡೂ ಕಡೆಗೆ ಸೀಳಿ, ನಡುವೆ ಬಿಳಿ, ಆಚೀಚೆ ನೀಲಿ ಪಟ್ಟೆ ಕಾಣುತ್ತದೆ. ಥೇಟ್ ಅರ್ಜೆಂಟೀನಾದ ಬಾವುಟ. ಫುಟ್‌ಬಾಲ್ ಅಭಿಮಾನಿಗಳಾದ ಸರ್ಜನ್‌ಗಳೂ ನೋಡಲು ಇಷ್ಟಪಡದ ಬಾವುಟವಿದು. ಇದನ್ನು ತಪ್ಪಿಸಲು ಮೊದಲೇ ಸಣ್ಣ ಸೂಜಿಯಿಂದ ಒಳಗಿನ ದ್ರವವನ್ನು ಹೀರಿ ಒತ್ತಡ ಇಳಿಸುತ್ತಾರೆ. ನೀಲಿ ಬಣ್ಣದಿಂದ ಇನ್ನೊಂದು ಅನುಕೂಲವೂ ಇದೆ, ಅದು ಪದರದ ಹಿಗ್ಗುವ ಗುಣವನ್ನು ಒಂದಿಷ್ಟು ತಗ್ಗಿಸುತ್ತದೆ.

ಓಡತೊಡಗಿದ ರೆಕ್ಸಿಸ್ಸನ್ನು ಹಿಂದಕ್ಕೆ ಕರೆಯುವುದು ಹೇಗೆ? ಮೊದಲ ಕೆಲಸ, ಕೈ ನಿಲ್ಲಿಸುವುದು. ಎರಡನೆಯದು, ಇನ್ನಷ್ಟು ವಿಸ್ಕೋ. ಆಮೇಲೆ 2006ರಲ್ಲಿ ಬ್ರಿಟನ್ನಿನ ಬ್ರಯನ್ ಲಿಟಲ್ ವಿವರಿಸಿದ ಒಂದು ಉಪಾಯವಿದೆ. ಮಡಚಿಕೊಂಡ ಪದರದ ತುಂಡನ್ನು ಬಿಚ್ಚಿ, ಅದು ಹರಿಯುವ ಮುಂಚೆ ಹೇಗಿತ್ತೋ ಹಾಗೆ ಚಪ್ಪಟೆ ಮಲಗಿಸಿ, ಸೀಳಿನ ಬುಡದ ಹತ್ತಿರವೇ ಚಿಮಟದಿಂದ ಹಿಡಿದು, ಮೊದಲು ಬಂದ ದಾರಿಯಲ್ಲೇ ಹಿಂದಕ್ಕೆ, ಬಳಿಕ ನಡುವಿನತ್ತ ಎಳೆಯುವುದು. ಓಡುತ್ತಿರುವ ದಿಕ್ಕಿಗೆ ಎದುರಾಗಿ ಎಳೆದಾಗ ಸೀಳಿನ ಮೂತಿ ಒಳಕ್ಕೆ ತಿರುಗುತ್ತದೆ. ಮಕ್ಕಳಲ್ಲಿ ಚಿಮಟದ ಎಳೆತ ಮೊದಲಿನಿಂದಲೂ ನಡುವಿನ ಕಡೆಗೇ ಇರಬೇಕು, ಮತ್ತೆ ಮತ್ತೆ ಬುಡದಲ್ಲಿ ಹಿಡಿಯಬೇಕು, ಬಯಸಿದ್ದಕ್ಕಿಂತ ಚಿಕ್ಕ ಕಿಟಕಿಗೆ ಗುರಿಯಿಡಬೇಕು, ಹಿಗ್ಗಿ ತಾನೇ ದೊಡ್ಡದಾಗುತ್ತದೆ. ತೀರ ಎಳೆಯ ಮಕ್ಕಳಲ್ಲಿ ಹರಿಯುವ ಗೋಜಿಗೇ ಹೋಗದೆ ವಿಟ್ರೆಕ್ಟರಿನಿಂದ ಕಚ್ಚಿಕಚ್ಚಿ ಗುಂಡನೆಯ ಕಿಟಕಿ ಕೊರೆಯುವವರೂ ಇದ್ದಾರೆ. ಅಮೆರಿಕದ ಎಡ್ವರ್ಡ್ ವಿಲ್ಸನ್ ಈ ದಾರಿಯನ್ನು ಬಹುವಾಗಿ ಬೆಳೆಸಿದವರು. ನೋಡಲು ಅಂಚು ಇಲಿ ಕಡಿದಂತಿರುತ್ತದೆ. ಆದರೂ ಎಳೆಯ ಪದರದ ಹಿಗ್ಗುವ ಗುಣದಿಂದಲೇ ಆ ಅಂಚು ತಾಳಿಕೊಳ್ಳುತ್ತದೆ. ತೊಡಕಿಗೆ ಕಾರಣವಾದ ಗುಣವೇ ಇಲ್ಲಿ ರಕ್ಷಣೆಗೂ ಬರುತ್ತದೆ.

ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್‌ನ ಕತೆ ಚಿಕ್ಕದು. ಅದೂ ಮೆತ್ತಗೆ. ಗಾಯ ಒಂದು ಕೂದಲೆಳೆ ಅಗಲವಾದರೂ ನೀರಿನ ಜೊತೆ ಹೊರಗೆ ಇಣುಕುತ್ತದೆ. ಒಳಗೆ ತಳ್ಳಿದಷ್ಟೂ ಮತ್ತೆ ಬರುತ್ತದೆ, ಏಕೆಂದರೆ ತಪ್ಪು ಐರಿಸ್‌ನದಲ್ಲ, ಒಳಗಿನ ಒತ್ತಡದ್ದು. ಕಣ್ಣಿನೊಳಕ್ಕೆ ಕೊಳವೆಯಿಂದ ಹರಿಯುವ ನೀರಿನ ಬಾಟಲಿ ತಗ್ಗಿಸಿ, ಬೇರೆ ಕಡೆಯ ಸಣ್ಣ ಗಾಯದಿಂದ ಒತ್ತಡ ಇಳಿಸಿ ಆಮೇಲೆ ಒಳಗೆಳೆದುಕೊಳ್ಳಬೇಕು. ಇನ್ನು ಪಾಪೆಯೇ ಅಗಲವಾಗದ ಕಣ್ಣುಗಳಿವೆ. ಬಸುರಿಯಿದ್ದಾಗ ತಾಯಿಗೆ ರುಬೆಲ್ಲಾ ಬಂದು ಹುಟ್ಟಿದ ಮಕ್ಕಳಲ್ಲಿ ಇದು ಸಾಮಾನ್ಯ, ಆಪರೇಷನ್ ಬಳಿಕ ಉರಿಯೂತವೂ ಹೆಚ್ಚು. ರುಬೆಲ್ಲಾಕ್ಕೂ ಹುಟ್ಟುಪೊರೆಗೂ ಇರುವ ನಂಟನ್ನು ಸಿಡ್ನಿಯ ನಾರ್ಮನ್ ಗ್ರೆಗ್ 1941ರಲ್ಲೇ ಹೇಳಿದ್ದ. ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ಶುರುವಾದದ್ದು 2017ರ ಫೆಬ್ರುವರಿಯಲ್ಲಿ. ಮೊದಲ ಸುತ್ತಿನ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಕರ್ನಾಟಕವೂ ಒಂದು. ಶಾಲೆಯ ಜಗುಲಿಯಲ್ಲಿ ಅಳುತ್ತಾ ಚುಚ್ಚಿಸಿಕೊಂಡ ಹುಡುಗಿಯರು ಮುಂದೆ ತಾಯಂದಿರಾದಾಗ, ಇಂಥ ಕಣ್ಣಿನ ಮುಂದೆ ಕೂರುವ ಸಂದರ್ಭವೇ ಸರ್ಜನ್‌ಗಳಿಗೆ ಕಡಿಮೆಯಾಗುತ್ತದೆ.

ಹಿಂಪದರವನ್ನು ಬೇಕೆಂದೇ ಹರಿಯುತ್ತಾರೆ ಎಂದೆ. ಹಾಗೆಂದು ಅದು ತಾನಾಗಿ ಹರಿದರೂ ಪರವಾಗಿಲ್ಲ ಎಂದಲ್ಲ. ಎಲ್ಲಿ, ಯಾವಾಗ, ಎಷ್ಟು ಎಂಬುದು ಸರ್ಜನ್ ಕೈಯಲ್ಲಿರಬೇಕು. ಕೆಲವು ಮಕ್ಕಳಲ್ಲಿ ಹಿಂಪದರ ಹುಟ್ಟಿನಿಂದಲೇ ತೆಳುವಾಗಿ ಹಿಂದಕ್ಕೆ ಜೋತಿರುತ್ತದೆ, ಅಥವಾ ಆಗಲೇ ತೂತಾಗಿರುತ್ತದೆ. ಇದರ ಸುಳಿವು ಬಹಳ ಚೆಂದ. ತೂತಿನ ಹಿಂದೆ ಲೋಳೆಯಲ್ಲಿ ಸಿಕ್ಕಿದ ಬಿಳಿಚುಕ್ಕಿಗಳು ಕಣ್ಣು ಅಲುಗಿದಾಗ ಮೀನಿನ ಬಾಲದಂತೆ ಬಳುಕುತ್ತವೆ. ಆ ಬಾಲ ಕಂಡವರು ಮಸೂರವನ್ನು ಚೀಲದಿಂದ ಬಿಡಿಸಲು ಎಂದಿನಂತೆ ನೀರು ಚಿಮ್ಮಿಸುವುದಿಲ್ಲ. ಚಿಮ್ಮಿಸಿದರೆ ತೂತು ಹಿಗ್ಗಿ ಮಸೂರದ ಚೂರುಗಳು ಕಣ್ಣಿನ ಆಳಕ್ಕೆ ಬೀಳುತ್ತವೆ.

ಅಕಸ್ಮಾತ್ ಹರಿದೇಬಿಟ್ಟರೆ ಮನುಷ್ಯ ಸಹಜವಾದ ಮೊದಲ ಪ್ರತಿಕ್ರಿಯೆ, ಬೆಚ್ಚಿ ಉಪಕರಣವನ್ನು ಹೊರಕ್ಕೆಳೆಯುವುದು. ಕೆಟ್ಟ ಕೆಲಸವೆಂದರೆ ಅದೇ. ನೀರಿನ ಕೊಳವೆ ಹೊರಬಂದ ಕ್ಷಣ ಕಣ್ಣು ಕುಸಿದು, ಲೋಳೆ ಮುಂದಕ್ಕೆ ನುಗ್ಗಿ, ಸಾಸಿವೆಯಷ್ಟಿದ್ದ ಹರಕು ಅಂಚಿನವರೆಗೆ ಸೀಳುತ್ತದೆ. ಕೊಳವೆಯನ್ನು ಅಲ್ಲೇ ಬಿಟ್ಟು, ಇನ್ನೊಂದು ಕೈಯಿಂದ ವಿಸ್ಕೋ ತುಂಬಿ, ಜಾಗ ಭದ್ರವಾದ ಮೇಲೆಯೇ ಹೊರಬರಬೇಕು. ಆಮೇಲೆ ಮುಂದೆ ಬಂದ ಲೋಳೆಯನ್ನು ತೆಗೆಯಬೇಕು, ಎಳೆಯದೆ. ದೊಡ್ಡವರ ವಿಟ್ರಿಯಸ್ ವಯಸ್ಸಿನೊಂದಿಗೆ ನೀರಾಗಿರುತ್ತದೆ. ಮಗುವಿನದು ಗಟ್ಟಿ, ಕಣ್ಣಿನ ಹಿಂಗೋಡೆಯ ತೆರೆಯಾದ ರೆಟಿನಾಕ್ಕೆ ಬಿಗಿಯಾಗಿ ಅಂಟಿರುತ್ತದೆ. ಗಾಯದ ಬಾಯಲ್ಲಿ ಇಣುಕಿದ ಎಳೆಯನ್ನು ಹತ್ತಿಯಿಂದ ಒರೆಸಿ ಎಳೆದರೆ ಆ ಎಳೆತ ಹಿಂದಿನ ರೆಟಿನಾವನ್ನು ಮುಟ್ಟುತ್ತದೆ. ಮಾಕೆಮರ್‌ನ ಉಪಕರಣದ ಬೆಲೆ ಆಗ ತಿಳಿಯುವುದು. ವೇಗವಾಗಿ ಕತ್ತರಿಸು, ಮೆಲ್ಲಗೆ ಹೀರು. ಲೋಳೆ ಕಣ್ಣಿಗೆ ಕಾಣದಿದ್ದರೆ ಟ್ರಯಾಮ್ಸಿನೊಲೋನ್ ಔಷಧಿಯ ಬಿಳಿ ಕಣಗಳನ್ನು ಬಿಡುತ್ತಾರೆ. ಇಬ್ಬನಿ ಬಿದ್ದ ಜೇಡರ ಬಲೆಯಂತೆ ಎಳೆಎಳೆಯೂ ಮೂಡುತ್ತದೆ. ಹರಕನ್ನು ಸಾಧ್ಯವಾದರೆ ಗುಂಡಗೆ ತಿದ್ದುತ್ತಾರೆ, ಕಚ್ಚು ಉಳಿಯಬಾರದು.

ಕೆಲವರು ಮುಂದಿನಿಂದಲ್ಲದೆ ಕಣ್ಣಿನ ಪಕ್ಕದ ಗೋಡೆಯಿಂದ ವಿಟ್ರೆಕ್ಟರ್ ತೂರಿಸುತ್ತಾರೆ. ಇಲ್ಲಿ ಅಳತೆಯ ತಪ್ಪು ದುಬಾರಿ. ದೊಡ್ಡವರಲ್ಲಿ ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ ಮಿಲಿಮೀಟರ್ ಹಿಂದೆ ಚುಚ್ಚಿದರೆ ಕ್ಷೇಮ. ಶಿಶುವಿನ ಕಣ್ಣಿನಲ್ಲಿ ಅಷ್ಟು ಹಿಂದೆ ಹೋದರೆ ರೆಟಿನಾಕ್ಕೇ ತಗಲುತ್ತದೆ, ಒಂದೂವರೆ-ಎರಡು ಮಿಲಿಮೀಟರಿಗೇ ನಿಲ್ಲಬೇಕು. ಇನ್ನು ಕೆಲವು ಕಣ್ಣುಗಳಲ್ಲಿ ಗರ್ಭದಲ್ಲಿ ಮಸೂರಕ್ಕೆ ರಕ್ತ ಉಣಿಸಿ, ಹುಟ್ಟುವ ಮೊದಲೇ ಮಾಯವಾಗಬೇಕಿದ್ದ ರಕ್ತನಾಳ ಹೊಕ್ಕುಳಬಳ್ಳಿಯಂತೆ ಹಿಂಪದರಕ್ಕೆ ಅಂಟಿ ಉಳಿದಿರುತ್ತದೆ. ಗೊತ್ತಿಲ್ಲದೆ ಕತ್ತರಿಸಿದರೆ ರಕ್ತ. ಹಾಗಾಗಿ ಪಾಪೆಯ ಮೂಲಕ ಹಿಂದಿನದು ಕಾಣದ ಪ್ರತಿ ಮಗುವಿಗೂ ಮೊದಲೇ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸುವುದು. ಕಂಡುಬಂದರೆ ನಾಳವನ್ನು ಸಣ್ಣ ವಿದ್ಯುತ್ ಬಿಸಿಯಿಂದ ಸುಟ್ಟು ಮುಚ್ಚಿ, ಆಮೇಲೆ ಕತ್ತರಿ.

ಅರಿವಳಿಕೆಯ ಡಾಕ್ಟರನ್ನು ಮರೆತೆನೆಂದುಕೊಳ್ಳಬೇಡಿ. ಕಣ್ಣಿನ ಸ್ನಾಯುವನ್ನು ಎಳೆದರೆ ಹೃದಯದ ಬಡಿತ ಇಳಿಯುತ್ತದೆ, ಮಕ್ಕಳಲ್ಲಂತೂ ಹೆಚ್ಚು. 1908ರಿಂದಲೂ ಗೊತ್ತಿರುವ ಸಂಗತಿ. ಮಾನಿಟರಿನ ಟಿಕ್‌ಟಿಕ್ ನಿಧಾನವಾದ ಕೂಡಲೇ ತಲೆದಿಂಬಿನ ಕಡೆಯಿಂದ ‘ಸ್ವಲ್ಪ ನಿಲ್ಲಿಸಿ ಸರ್’ ಎಂಬ ದನಿ ಬರುತ್ತದೆ. ಎಳೆತ ಬಿಟ್ಟರೆ ಬಹುತೇಕ ಸರಿಹೋಗುತ್ತದೆ, ಇಲ್ಲದಿದ್ದರೆ ಅಟ್ರೋಪಿನ್ ಔಷಧಿ.

ಇಷ್ಟೆಲ್ಲ ಆದ ಮೇಲೆ ಕೊನೆಯ ಪ್ರಶ್ನೆ, ಕೃತಕ ಮಸೂರ ಹಾಕುವುದೋ ಬೇಡವೋ. ತೊಡಕಿನ ನಿರ್ವಹಣೆಯಲ್ಲಿ ಅತಿ ಕಷ್ಟದ ಕೌಶಲ ಕೈಯದಲ್ಲ, ಈ ತೀರ್ಮಾನದ್ದು ಎಂಬುದು ನನ್ನ ಅನಿಸಿಕೆ. ಹೊರಗೆ ಕಾದಿರುವ ತಂದೆತಾಯಿ ಕೇಳುವ ಮೊದಲ ಮಾತೇ ‘ಲೆನ್ಸ್ ಹಾಕಿದಿರಾ ಸರ್?’ ಆಗ ‘ಇಲ್ಲ’ ಎನ್ನಲು ಪುರಾವೆಯ ಬಲ ಬೇಕು. ಅದನ್ನು ಕೊಟ್ಟದ್ದು ಅಮೆರಿಕದ 12 ಕೇಂದ್ರಗಳಲ್ಲಿ ನಡೆದ ಇನ್‌ಫಂಟ್ ಅಫೇಕಿಯಾ ಟ್ರೀಟ್‌ಮೆಂಟ್ ಸ್ಟಡಿ. ಒಂದೇ ಕಣ್ಣಿನ ಪೊರೆಯಿದ್ದ, ಒಂದರಿಂದ ಏಳು ತಿಂಗಳೊಳಗಿನ 114 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಅರ್ಧ ಮಕ್ಕಳಿಗೆ ಕಣ್ಣೊಳಗೆ ಮಸೂರ, ಇನ್ನರ್ಧಕ್ಕೆ ಬರೀ ಪೊರೆ ತೆಗೆದು ಹೊರಗಿನಿಂದ ಕಾಂಟ್ಯಾಕ್ಟ್ ಲೆನ್ಸ್. ಆಪರೇಷನ್ ಟೇಬಲ್ಲಿನ ಮೇಲೆಯೇ ಆದ ತೊಡಕುಗಳು ಮಸೂರದ ಗುಂಪಿನಲ್ಲಿ ಶೇ. 28, ಇನ್ನೊಂದರಲ್ಲಿ ಶೇ. 11. ಹೆಚ್ಚಿನ ತೊಡಕು ಮೇಲೆ ಹೇಳಿದ ಇಣುಕುವ ಐರಿಸ್. ಐದು ವರ್ಷ ತುಂಬುವ ಹೊತ್ತಿಗೆ ಮಸೂರದ ಗುಂಪಿನ ಶೇ. 72 ಮಕ್ಕಳ ಕಣ್ಣೊಳಗೆ ಮತ್ತೆ ಕೈಹಾಕಬೇಕಾಗಿತ್ತು, ಇನ್ನೊಂದರಲ್ಲಿ ಶೇ. 21. ದೃಷ್ಟಿ ಮಾತ್ರ ಎರಡರಲ್ಲೂ ಒಂದೇ.

ಎಲ್ಲ ಮಕ್ಕಳಿಗೂ ಹಿಂಪದರ ತೆರೆದು ಲೋಳೆ ತೆಗೆದಿದ್ದರು. ಆದರೂ ಮಸೂರ ಹಾಕಿದ ಕಣ್ಣಿನಲ್ಲಿ, ಮತ್ತೆ ಕೈಹಾಕಬೇಕಾಗುವಂತೆ, ಪೊರೆ ಏಕೆ ಮರಳಿತು? ಮಸೂರವಿಲ್ಲದಾಗ ಮುಂಪದರ, ಹಿಂಪದರಗಳ ಉಳಿದ ಅಂಚುಗಳು ಕಡುಬಿನ ಅಂಚಿನಂತೆ ಕೂಡಿಕೊಂಡು ಬೆಳೆಯುವ ಕೋಶಗಳನ್ನು ಒಳಗೇ ಬಂಧಿಸುತ್ತವೆ. ನಡುವೆ ಮಸೂರ ತೂರಿಸಿದರೆ ಕಡುಬಿನ ಬಾಯಿ ಕೂಡುವುದಿಲ್ಲ, ಕೋಶಗಳು ಹೊರಗೆ ನುಸುಳುತ್ತವೆ. ಇದರ ಅರ್ಥ ಮಸೂರ ಕೆಟ್ಟದ್ದೆಂದಲ್ಲ. ಎರಡು ವರ್ಷ ದಾಟಿದ ಮಕ್ಕಳಿಗೆ ಅದನ್ನು ಹಾಕುವುದೇ ವಾಡಿಕೆ. ಕೆಂಪು ಮಣ್ಣಿನ ಊರಿನಲ್ಲಿ, ನೀರಿನ ಅಭಾವದಲ್ಲಿ, ಕೂಸಿನ ಕಣ್ಣಿಗೆ ದಿನವೂ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ತೆಗೆಯುವ ಕಷ್ಟವನ್ನು ಅಮೆರಿಕದ ಅಧ್ಯಯನ ಅಳೆದದ್ದೂ ಇಲ್ಲ. ಆದರೆ ಮುಂಪದರ ಓಡಿದ, ಹಿಂಪದರ ಅಡ್ಡಾದಿಡ್ಡಿ ಹರಿದ ಆರು ವಾರದ ಕಣ್ಣಿಗೆ ಹಟ ಹಿಡಿದು ಮಸೂರ ತುರುಕುವುದಕ್ಕೆ ಇನ್ನು ನೆವ ಉಳಿದಿಲ್ಲ. ದಪ್ಪ ಕನ್ನಡಕದಲ್ಲೋ ಲೆನ್ಸಿನಲ್ಲೋ ಕೆಲವು ವರ್ಷ ಕಳೆದು, ಕಣ್ಣು ಬೆಳೆದ ಮೇಲೆ ಉಳಿದ ಅಂಚಿನ ಆಸರೆಯಲ್ಲಿ ಮಸೂರ ಕೂರಿಸಬಹುದು.

ಕೊನೆಗೆ ವಿಸ್ಕೋವನ್ನು ಪೂರ್ತಿ ತೊಳೆದು ತೆಗೆಯುತ್ತಾರೆ, ಉಳಿದರೆ ರಾತ್ರಿ ಕಣ್ಣಿನ ಒತ್ತಡ ಏರುತ್ತದೆ. ದೊಡ್ಡವರ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಮಗುವಿನ ಗಾಯಕ್ಕೆ, ಎಷ್ಟೇ ಸಣ್ಣದಿರಲಿ, ಕೂದಲಿಗಿಂತ ತೆಳುವಾದ ದಾರದ ಹೊಲಿಗೆ ಬೇಕು, ಎಚ್ಚರವಾದ ಕೂಡಲೇ ಮುಷ್ಟಿ ಕಟ್ಟಿ ಕಣ್ಣುಜ್ಜುವವರಿದ್ದಾರಲ್ಲ. ಆಮೇಲೆ ಸರ್ಜನ್ ಕೈತೊಳೆದು ಕೇಸ್ ಶೀಟ್ ಮುಂದೆ ಕೂರುತ್ತಾರೆ. ಕಣ್ಣನ್ನು ಗಡಿಯಾರದ ಮುಖದಂತೆ ಬರೆದು, ಮುಂಪದರದ ಸೀಳು ಎರಡು ಗಂಟೆಯ ಕಡೆಗೆ, ಹಿಂಪದರದ ಕಿಟಕಿ ಸುಮಾರು 4 ಮಿಲಿಮೀಟರ್, ಮಸೂರ ಹಾಕಿಲ್ಲ, ಮಿಕ್ಕ ಅಂಚು ಗಟ್ಟಿ ಎಂದು ಗುರುತು ಹಾಕುತ್ತಾರೆ. ಈ ಟಿಪ್ಪಣಿ ಇವತ್ತಿನವರಿಗಲ್ಲ, ನಾಲ್ಕೈದು ವರ್ಷದ ಬಳಿಕ ಬೇರೆಲ್ಲೋ ಇದೇ ಕಣ್ಣನ್ನು ತೆರೆಯಲಿರುವ, ಮುಖ ಗೊತ್ತಿಲ್ಲದ ಇನ್ನೊಬ್ಬ ಸರ್ಜನ್‌ಗೆ. ಅದರ ಒಂದು ಪ್ರತಿಯನ್ನು ತಾಯಿಯ ಕೈಗೆ ಕೊಡುತ್ತಾ ಸಿಸ್ಟರ್ ಹೇಳುತ್ತಾರೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಳ್ಳಮ್ಮ, ನೆನೆಯಬಾರದು.